ಸೌಟು ಹಾಕಬಾರದ ಪಾಕ

ಅನಗೋಳದ ನಮ್ಮ ಓಣ್ಯಾಗ ಶಿವಬಸವ್ವ ಅಂದ್ರ ಪಾಕ, ಪಾಕ ಅಂದ್ರ ಶಿವಬಸವ್ವ. ಗೌರಿ ಹುಣ್ಣಿಮಿ ಹತ್ರ ಬಂತಂದ್ರ ಸಾಕು, ಸಕ್ಕರಿ ಆರತಿ ಮಾಡಿಸಿಕೊಳ್ಳಾಕ ಆಕಿ ಬಾಗಲ ಮುಂದ ಹೆಣ್ಣಮಕ್ಕಳ ಚಪ್ಪಲಿ ರಾಶಿ ಬೀಳತಿದ್ವು. ಆರತಿ ಎರೆಯೂದು ಹುಡುಗಾಟಕಿ ಅಲ್ಲ ಮತ್ತ. ಸಕ್ಕರಿ ಕುದಿಸಿ, ಹಾಲು ಬಿಟ್ಟು ಹೊಲಸು ತಗದು, ಸೋಸಿ, ಸೌಟಿಲೆ ತಿರುವಿ ತಿರುವಿ ಪಾಕ ಬೆಳ್ಳಗಾಗೂ ಹೊತ್ತಿಗೆ ಸರಿಯಾಗಿ ಆನಿ, ಒಂಟಿ ಗೊಂಬಿಯ ಕಟಗಿ ಅಚ್ಚಿನ್ಯಾಗ ಹೊಯ್ಯಬೇಕು. ಒಂಚೂರು ಅವಸರ ಆದ್ರ ಆನಿ ಸೊಂಡಿ ಮುರಿತೈತಿ, ಒಂಚೂರು ತಡ ಆದ್ರ ಪಾತೇಲ್ಯಾಗೇ ಕಲ್ಲಾಗತೈತಿ. ಶಿವಬಸವ್ವನ ಆನಿ ಎಂದೂ ಸೊಂಡಿ ಮುರಕೊಂಡಿದ್ದಿಲ್ಲ. "ಪಾಕ ನನ್ನ ಮಾತು ಕೇಳತೈತಿ, ಗಂಡ ಕೇಳೂದಿಲ್ಲ," ಅಂತ ಆಕಿ ಜಂಬ ಕೊಚ್ಚಿದ್ರ, ಕಟ್ಟಿ ಮ್ಯಾಲ ಕುಂತ ಗಂಡ ಈರಯ್ಯ, "ಅದಕ್ಕ ಕಿವಿ ಇಲ್ಲ ನೋಡು, ಅದಕ್ಕ ಕೇಳತೈತಿ," ಅಂತಿದ್ದ.

ಆ ವರ್ಷ ಮಗ ಪ್ರಸಾದಗ ಖಾನಾಪುರದ ಹುಡುಗಿ ಗೊತ್ತಾಗಿತ್ತು. ಹೆಸರು ಸೃಷ್ಟಿ. ಲಗ್ನ ಆಗೂ ಮುಂಚಿನ ಗೌರಿ ಹುಣ್ಣಿಮಿಗೆ ಗಂಡಿನ ಕಡೆಯವರು ಸಕ್ಕರಿ ಆರತಿ ತಗೊಂಡು ಹೆಣ್ಣಿನ ಮನಿಗೆ ಹೋಗೂದು ನಮ್ಮ ಕಡೆ ಪದ್ಧತಿ. ಆನಿ, ಒಂಟಿ, ನವಿಲು ಎಲ್ಲಾ ಎರದು ಇಟ್ಟಿದ್ಲು ಶಿವಬಸವ್ವ. ಅಷ್ಟೊತ್ತಿಗೆ ಸೃಷ್ಟಿ ಫೋನ್ ಬಂತು.

"ಅತ್ತೀ, ಮೊಬೈಲಿನ್ಯಾಗ ತೋರಸ್ತಾರಲ್ರೀ, ಹಣ್ಣು ಕಡ್ಡಿಗೆ ಚುಚ್ಚಿ, ಮ್ಯಾಲ ಗಾಜಿನಂಗ ಸಕ್ಕರಿ ಹಚ್ಚಿದ್ದು? ಚೀನಾ ಮಂದಿ ಮಾಡೂದು. ಆರತಿ ಜೋಡಿ ಅದನ್ನೂ ತರ್ರಿ. ನಿಮ್ಮ ಕೈಗೆ ಅದೇನು ದೊಡ್ಡದು?"

ಅದೇನು ದೊಡ್ಡದು! ಆ ಒಂದು ಮಾತಿಗೆ ಶಿವಬಸವ್ವ ಉಬ್ಬಿ ಹೋದ್ಲು. "ಮನಿ ಮಂದಿಗೆಲ್ಲಾ ಹೇಳಿಡವಾ, ತರತೀನಿ," ಅಂದ್ಲು. ಹಂಗ ಅಂದ ಮ್ಯಾಲ ಬೀಗರ ಮುಂದ ಮಾನದ ಪ್ರಶ್ನಿ ಆತಲ್ಲ.

ಕಪ್ಪು ದ್ರಾಕ್ಷಿ, ಬಾರಿ ಹಣ್ಣು ತಂದು, ಪಾಕ ಇಟ್ಟು, ರೂಢಿ ಪ್ರಕಾರ ಸೌಟು ಹಾಕಿ ತಿರುವಿದ್ಲು. ಗಾಜು ಎಲ್ಲಿಂದ ಬರಬೇಕು? ಪಾಕ ಹಳಕು ಹಳಕಾಗಿ, ಹಣ್ಣಿಗೆ ಸುಣ್ಣ ಬಳದಂಗಾತು. ಮತ್ತೊಮ್ಮೆ ಮಾಡಿದ್ಲು, ಮತ್ತ ಸುಣ್ಣ. ಈರಯ್ಯ ಒಂದು ಕಡ್ಡಿ ಎತ್ತಿ ಹಿಡದು ತಿರುಗಿಸಿ ನೋಡಿ, "ಇದನ್ನ ತಿನ್ನೂದೋ, ವಿಭೂತಿ ಅಂತ ಹಣಿಗೆ ಹಚ್ಚಕೊಳ್ಳೂದೋ?" ಅಂದ.

ಕಡೀಕ ಬಾಜು ಮನಿ ಬಿಲ್ಕೀಸನ ಕರೀಬೇಕಾತು. ಬಿಲ್ಕೀಸ ವಡಗಾವಿಯಿಂದ ಲಗ್ನ ಆಗಿ ಬಂದಾಗಿಂದ ಎರಡೂ ಮನಿಗೆ ಹಿತ್ತಲದ ಗ್ವಾಡಿ ಒಂದೇ. ಪ್ರಸಾದ ಸಣ್ಣಾಂವ ಇದ್ದಾಗ ಅರ್ಧ ಆಕಿ ಮನ್ಯಾಗೇ ಬೆಳದಾಂವ. ಮಗಳು ಸೂಫಿಯಾ ಹಟಾ ಹಿಡದಿದ್ಲು ಅಂತ ಬಿಲ್ಕೀಸ ಈ ಚೀನಾ ಹಣ್ಣು ಮಾಡೂದನ್ನ ಮನ್ಯಾಗೇ ಕಲತಿದ್ಲು.

ಬಂದಾಕಿ ಒಲಿ ಮುಂದ ನಿಂತು ನಕ್ಕಳು. "ಅಕ್ಕಾರ, ಇದಕ್ಕ ಸೌಟು ಹಾಕಬಾರದ್ರೀ. ಮುಟ್ಟಲಾರದ ಕುದೀಲಿಕ್ಕೆ ಬಿಡಬೇಕು."

"ತಿರುವಲಾರದ ಪಾಕ ಯಾ ಊರಿಂದು ಯವ್ವಾ?"

"ಅದಕ್ಕೇ ಚೀನಾದ್ದು ಅನ್ನೂದು!"

ಶಿವಬಸವ್ವ ಕೈ ಕಟಗೊಂಡು ನಿಂತ್ಲು ಖರೇ, ಆದ್ರ ಪಾಕ ಕೊತಕೊತ ಅಂದ ಕೂಡಲೇ ಕೈ ತಾನೇ ಸೌಟಿಗೆ ಹೋತು. ಹುಟ್ಟು ಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ, ಹಂಗ. "ನೀನೇ ಮಾಡಿಕೊಡ ಮಾರಾಯ್ತಿ," ಅಂತ ಸೋತು ಕುಂತ್ಲು. ಬಿಲ್ಕೀಸ ಹಣ್ಣು ಒಂದೊಂದೇ ಅರಿವಿಲೆ ಒಣಾ ಒರಸಿದ್ಲು, ಪಾಕದ ಒಂದು ಹನಿ ತಣ್ಣೀರಿಗೆ ಹಾಕಿ ಕಡದು ನೋಡಿದ್ಲು. ಹಲ್ಲಿಗೆ ಅಂಟಲಾರದ ಕಟ್ ಅಂತು. ಕಡ್ಡಿ ಅದ್ದಿ ಎತ್ತಿದ್ಲು. ಹಣ್ಣಿನ ಮ್ಯಾಲ ಮಾರಿ ಕಾಣೂವಂಗ ಮಿಂಚು!

"ಆದ್ರ ಅಕ್ಕಾರ, ಇವು ಭಾಳ ಹೊತ್ತು ತಾಳೂದಿಲ್ರೀ. ಡಬ್ಬಿ ಮುಚ್ಚಿದ್ರ ಹಣ್ಣು ಬೆವರತಾವು, ಮೋಡ ಬ್ಯಾರೆ ಆಗೇತಿ. ನಾಳೆ ನಾನೂ ನಿಮ್ಮ ಜೋಡಿ ಬರತೀನಿ. ಅಲ್ಲೇ ಒಲಿ ಮುಂದ ಚಟ್ಟನ ಮಾಡಿಕೊಡತೀನಿ. ನಮ್ಮ ಪ್ರಸಾದನ ಹೆಂಡತಿ ಆಗಾಕಿನ್ನ ನೋಡಿದಂಗೂ ಆಗತೈತಿ."

ಶಿವಬಸವ್ವ ಮನಸಿನ್ಯಾಗ ಲೆಕ್ಕಾ ಹಾಕಿದ್ಲು. ಬೀಗರ ಮನ್ಯಾಗ ಸೃಷ್ಟಿ ಅಜ್ಜಿ ಭೀಮಕ್ಕ ಇದ್ಲು, ಲಿಂಗಪೂಜಿ ಆಗಲಾರದ ಹನಿ ನೀರು ಬಾಯಿಗೆ ಹಾಕಲಾರದ ಹಳೇ ಜೀವ. ಆಕಿ ಅಡಗಿ ಮನಿಯೊಳಗ ಬಿಲ್ಕೀಸನ ಹೆಂಗ ನಿಂದ್ರಸೂದು? ಏನಂದಾರು? ಭೀಮಕ್ಕ ಎಂದೂ ಏನೂ ಅಂದಾಕಿ ಅಲ್ಲ, ಎಲ್ಲಾ ಈಕಿನೇ ಅಂದಕೊಂಡಿದ್ದು. ಎಲ್ಲಾ ಮನಶ್ಯಾರೂ ಒಂದೇ ಅಂತ ಬಸವಣ್ಣನ ಜಯಂತಿಗೆ ಓಣಿ ತುಂಬ ಹೇಳಿ ಬರಾಕಿ ಅವತ್ತ ಏನಂದ್ಲು ಗೊತ್ತೈತೇನು?

"ಕಾರಿನ್ಯಾಗ ಜಾಗಾ ಇಲ್ಲವಾ," ಅಂದ್ಲು.

ಬಿಲ್ಕೀಸ ಹೂಂ ಅಂದ್ಲು. ಮರುದಿನ ನಸಿಕಿನ್ಯಾಗ ಎದ್ದು ಡಬ್ಬಿ ತುಂಬ ಮಾಡಿ ಕೊಟ್ಲು. ಕಾರಿನ ಹಿಂದಿನ ಸೀಟಿನ್ಯಾಗ ಖಾನಾಪುರದ ತನಕಾ ಆರತಿ ಪರಾತ ಒಂದೇ ಆರಾಮ ಕುಂತಕೊಂಡು ಹೋತು.

ಹೋದ ಕೂಡಲೇ ಡಬ್ಬಿ ತಗದು ತೋರಿಸಿದ್ಲು ಶಿವಬಸವ್ವ. ಇನ್ನೂ ಥಳಥಳ ಹೊಳಿತಿದ್ದುವು. ಸೃಷ್ಟಿ ಕುಣದಾಡಿದ್ಲು. "ನೀವೇ ಮಾಡಿದ್ರೇನ್ರೀ ಅತ್ತೀ?"

"ಮತ್ಯಾರು ಮಾಡತಾರ? ನಾನೇ."

ಈರಯ್ಯ ಮಾರಿ ಆಕಡೆ ಮಾಡಿದ. ಶಿವಬಸವ್ವ ಅದನ್ನ ನೋಡಿಯೂ ನೋಡಲಾರದಂಗ ಡಬ್ಬಿ ಮುಚ್ಚಿ, "ಉಂಡ ಮ್ಯಾಲ ತಿನ್ನೂಣು," ಅಂದ್ಲು.

ಆರತಿ ಆತು, ಉಡಿ ತುಂಬಿದ್ದಾತು, ಹಾಡು ಆತು, ಹೋಳಗಿ ಊಟ ಆತು. ಅಷ್ಟೊತ್ತಿಗೆ ಭಾಳ ಹೊತ್ತಾಗಿತ್ತು. ಎಲ್ಲಾರೂ ಸುತ್ತ ಕುಂತಾಗ ಡಬ್ಬಿ ತಗದ್ರ, ಶಿವ ಶಿವಾ! ಸಕ್ಕರಿ ಎಲ್ಲಾ ನೀರಾಗಿ ತಳಕ್ಕ ಇಳದಿತ್ತು. ಹಣ್ಣು ಒಂದಕ್ಕೊಂದು ಅಂಟಿ, ಕಡ್ಡಿ ಅಡ್ಡಾದಿಡ್ಡಿ ಬಿದ್ದಿದ್ವು. ಬೀಗರ ಬಾಜು ಮನಿ ಸಾವಂತ್ರವ್ವ ಬಗ್ಗಿ ನೋಡಿ, "ಅಯ್ಯ ನಮ್ಮವ್ವ! ಪಾಕದ ಬೀಗತಿ ಅಂದಿದ್ರಿ, ಇದು ಕಾಕಂಬಿ ಆಗೇತಲ್ರೀ!" ಅಂತ ಕಿಸಕ್ಕನ ನಕ್ಕಳು. ನಾಕು ಮಂದಿ ಜೋಡಿ ನಕ್ರು.

ನಗೂ ಮಾತು, ನಕ್ಕು ಬಿಟ್ಟಿದ್ರ ಮುಗೀತಿತ್ತು. ಆದ್ರ ಶಿವಬಸವ್ವನ ಮೈ ಉರದು ಹೋತು. ಬಾಯಿ ತಪ್ಪಿ ಅಲ್ಲ, ಬೇಕಂತಲೇ ಅಂದ್ಲು: "ಅದು ನಾ ಮಾಡಿದ್ದಲ್ರೀ. ನಮ್ಮ ಬಾಜು ಮನಿ ಸಾಬರಾಕಿ ಮಾಡಿ ಕೊಟ್ಲು. ಅವರಿಗೆಲ್ಲಿ ಪಾಕದ ಹದಾ ಗೊತ್ತು?"

ಯಾರೂ ನಗಲಿಲ್ಲ. ಮುಂಜಾನೆ ನಾನೇ ಅಂದಾಕಿ ಈಗ ನಾನಲ್ಲ ಅಂದದ್ದು ಎಲ್ಲಾರ ಕಿವಿಗೂ ಬಿದ್ದಿತ್ತು. ಭೀಮಕ್ಕ ಎಲಿ ಅಡಕಿ ಬದಿಗಿಟ್ಟು ಆಕಿನ್ನ ನೋಡಿದ್ಲು.

"ಹಂಗಾರ ಆಕಿನ್ನೂ ಕರಕೊಂಡು ಬರಬೇಕಿಲ್ಲೇನವಾ ಬೀಗತಿ? ನಮ್ಮ ಒಲಿ ಮ್ಯಾಲೇ ಬಿಸಿ ಬಿಸಿ ಮಾಡತಿದ್ಲು. ಯಾರು ಬ್ಯಾಡ ಅಂತಿದ್ರು?"

ಶಿವಬಸವ್ವಗ ಭೂಮಿ ಬಾಯಿ ಬಿಡಬಾರದೇನು ಅನಿಸ್ತು. ಪಾಪ, ಸೃಷ್ಟಿ ಅತ್ತಿ ಮಾನ ಉಳಸಾಕೋ ಏನೋ, ಅಂಟಿದ ದ್ರಾಕ್ಷಿ ಒಂದು ಬಾಯಿಗೆ ಹಾಕ್ಕೊಂಡು, "ರುಚಿ ಭಾರಿ ಐತ್ರೀ! ಅವರ ಹೆಸರೇನು?" ಅಂತ ಕೇಳಿದ್ಲು.

"ಬಿಲ್ಕೀಸ," ಅಂದ್ಲು ಶಿವಬಸವ್ವ. ಇಪ್ಪತ್ತು ವರ್ಷ ದಿನಾ ಕೂಗಿದ ಹೆಸರು, ಅಲ್ಲಿ ಕೇಳಿದ ಮ್ಯಾಲ ಹೊರಗ ಬಂತು.

ತಿರುಗಿ ಬರೂ ಮುಂದ ಕಾರಿನ್ಯಾಗ ಈರಯ್ಯ ಒಂದೇ ಮಾತು ಅಂದ. "ಸಕ್ಕರಿ ಕರಗಿದ್ದಕ್ಕ ಯಾರೂ ಏನೂ ಅಂತಿದ್ದಿಲ್ಲ ನೋಡ." ದಿನಾ ಚ್ಯಾಷ್ಟಿ ಮಾಡಾಂವ ಅವತ್ತ ಚ್ಯಾಷ್ಟಿ ಮಾಡಲಿಲ್ಲ, ಅದೇ ಆಕಿಗೆ ಹೆಚ್ಚು ಚುಚ್ಚಿತು. ಮನಿಗೆ ಬಂದ್ಲು. ಡಬ್ಬಿ ಬಿಲ್ಕೀಸಂದು, ತೊಳದು ಕೊಡಬೇಕಾಗಿತ್ತು. ತೊಳದ್ಲು, ಕೊಡಾಕ ಹೋಗಲಿಲ್ಲ. ಹಿತ್ತಲದ ಬಾಗಲಾ ಹಾಕ್ಕೊಂಡ್ಲು.

ಮರುದಿನ ಮಧ್ಯಾಹ್ನ ಬಿಲ್ಕೀಸಳೇ ಬಂದ್ಲು. ಮಾರಿ ಅಂದ್ರ ಮಾರಿ, ಹಬ್ಬದ ದಿನಾನೂ ಅಷ್ಟು ಅರಳಿದ್ದನ್ನ ಶಿವಬಸವ್ವ ನೋಡಿದ್ದಿಲ್ಲ.

"ಅಕ್ಕಾರ! ಮುಂಜಾನೆ ಸೃಷ್ಟಿ ಫೋನ್ ಮಾಡಿದ್ಲು ನೋಡ್ರಿ. ಪ್ರಸಾದನ ಕಡಿಂದ ನನ್ನ ನಂಬರ ತಗೊಂಡಾಳ. ಹಣ್ಣು ಹೆಂಗ ಮಾಡತೀರಿ ಹೇಳ್ರಿ ಮಾಮೀ ಅಂತ ಎಷ್ಟು ಪ್ರೀತಿಲೆ ಕೇಳಿದ್ಲಂತೀನಿ! ನನ್ನ ಹೆಸರು ಹೆಂಗ ಗೊತ್ತಾತವಾ ಅಂದ್ರ, ಅತ್ತೀನೇ ಎಲ್ಲಾರ ಮುಂದ ಹೇಳಿದ್ರು, ಬಿಲ್ಕೀಸ ಮಾಡಿದ್ದು ಅಂತ, ಅಂದ್ಲು." ಆಕಿ ಶಿವಬಸವ್ವನ ಎರಡೂ ಕೈ ಹಿಡಕೊಂಡ್ಲು. "ಯಾರು ಹೇಳತಾರ್ರೀ ಹಂಗ? ಬೀಗರ ಮನ್ಯಾಗ, ನಾಕು ಮಂದಿಯೊಳಗ, ನಮ್ಮಂಥಾವರ ಹೆಸರು? ಬ್ಯಾರೆದಾವರಾಗಿದ್ರ ನಾನೇ ಮಾಡೀನಿ ಅಂತಿದ್ರು. ನಮ್ಮ ಮನಿಯವರಿಗೂ ಹೇಳಿದೆ, ನೋಡ್ರಿ ನಮ್ಮ ಅಕ್ಕಾರು ಎಂಥಾವರು ಅಂತ."

ಸೃಷ್ಟಿ ಶ್ಯಾಣೇ ಹುಡುಗಿ, ಹೇಳಬೇಕಾದ್ದಷ್ಟೇ ಹೇಳಿದ್ಲು. ಶಿವಬಸವ್ವ ಸುಮ್ಮ ಹೂಂ ಅಂದಿದ್ರ ಮುಗದು ಹೋಗತಿತ್ತು. ಹೂಂ ಅನ್ನಾಕ ಬಾಯಿನೂ ತಗದ್ಲು. ಆದ್ರ ತನ್ನ ಕೈ ಬಿಲ್ಕೀಸನ ಕೈಯೊಳಗಿತ್ತು, ಆ ಕೈ ಬಿಸಿ ತಡಕೊಳ್ಳಾಕ ಆಗಲಿಲ್ಲ.

"ನಾ ನಿನ್ನ ಹೆಸರು ಹೇಳಿದ್ದು ಹೊಗಳಾಕ ಅಲ್ಲ ಬಿಲ್ಕೀಸ," ಅಂದ್ಲು. "ಛಲೋ ಇದ್ದಾಗ ನಾನೇ ಮಾಡೀನಿ ಅಂದೆ. ಕರಗಿದ ಮ್ಯಾಲ ನಿನ್ನ ಮ್ಯಾಲ ಹಾಕಿದೆ. ಅನಬಾರದ್ದು ಅಂದೆ. ಕಾರಿನ್ಯಾಗ ಜಾಗಾನೂ ಇತ್ತು."

ಬಿಲ್ಕೀಸನ ಕೈ ನಿಧಾನಕ್ಕ ಸಡ್ಲಾತು. ಆಕಿ ಸಿಟ್ಟಾಗಲಿಲ್ಲ, ಬೈಲಿಲ್ಲ. ಬೈದಿದ್ರ ಪುಣ್ಯಾ ಬರತಿತ್ತು. ಒಲಿ ಬಾಜುಕ ತೊಳದಿಟ್ಟ ತನ್ನ ಡಬ್ಬಿ ಎತಗೊಂಡು ಬಗಲಾಗ ಇಟಗೊಂಡ್ಲು. ಹಿತ್ತಲದ ಬಾಗಲದ ತನಕಾ ಹೋಗಿ ನಿಂತ್ಲು.

"ಇದನ್ನ ನನಗ ಹೇಳಬಾರದಾಗಿತ್ರೀ ಅಕ್ಕಾರ," ಅಂದ್ಲು. "ಮುಂಜಾನಿಂದ ಭಾಳ ಖುಷಿಯೊಳಗ ಇದ್ದೆ ನಾ."