ಬ್ರೇಕಿನ ಪೈಪಿನಲ್ಲಿ ನಾನು ಬಿಟ್ಟ ಗಾಳಿ

ಮಲ್ಲೂ, ಅಂದು ನಿನ್ನ ಬ್ರೇಕ್ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು.

ಹನ್ನೆರಡು ವರ್ಷ ಈ ಮಾತು ಬಾಯಿಗೆ ಬಂದು ಬಂದು ಹಿಂದೆ ಹೋಗಿದೆ. ಆಗ ನಾವಿಬ್ಬರೂ ಆಟೊಮೊಬೈಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆವು. ಗೋಕಾಕದ ಮಾಸ್ತರರ ಮಗನಾದ ನನಗೆ ಕ್ಲಾಸಿಗೇ ಹೆಚ್ಚು ಅಂಕ. ಮೂಡಲಗಿಯ ಟ್ರ್ಯಾಕ್ಟರ್ ಮಿಸ್ತ್ರಿಯ ಮಗನಾದ ನೀನು ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದೆ. ನನ್ನ ಅವ್ವ ಕೂಡ ನಿನಗೆ ಹೋಳಿಗೆ ಬಡಿಸುತ್ತ, "ವಿದ್ಯಾ ಅಂದ್ರ ಇವನ ಕೈಯಾಗ ಐತಿ ನೋಡ" ಎಂದಳು. ನನ್ನ ಎದುರಿಗೇ! ನನ್ನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಇಡುವುದಿಲ್ಲ.

ಇಳಿಜಾರಿನಲ್ಲಿ ಕಬ್ಬಿನ ಟ್ರೇಲರ್ ಟ್ರ್ಯಾಕ್ಟರನ್ನೇ ತಳ್ಳುತ್ತದಲ್ಲ, ಅದಕ್ಕೊಂದು ಎಣ್ಣೆಯ ಬ್ರೇಕ್ ಮಾಡುವುದು ನಮ್ಮ ಪ್ರಾಜೆಕ್ಟ್. ಯೋಚನೆಯೆಲ್ಲ ನಿನ್ನದು. ನೋಡಲು ಪುಣೆಯ ಕಂಪನಿಯವರು ಬರುವವರಿದ್ದರು, ಅವರು ಕೆಲಸ ಕೊಡುವುದು ಒಬ್ಬನಿಗೇ.

ಅವರು ಬರುವ ದಿನ ಬೆಳಿಗ್ಗೆ ಪೈಪಿನ ಗಾಳಿ ತೆಗೆಯಲು ಕೂತೆವು; ಎಣ್ಣೆಯಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಅದು ಇಬ್ಬರ ಕೆಲಸ. ಮೇಲೆ ನೀನು ಪೆಡಲ್ ಒತ್ತಬೇಕು. ಕೆಳಗೆ ಚಕ್ರದ ಹತ್ತಿರ ನಾನು ಗಾಳಿ ಹೊರಬಿಡುವ ತಿರುಪು, ಅಂದರೆ ನಿಪ್ಪಲ್, ಸಡಿಲಿಸಿ, ಎಣ್ಣೆಯಲ್ಲಿ ಗುಳ್ಳೆ ನಿಲ್ಲುವವರೆಗೆ ನೋಡಬೇಕು. ಮೇಲಿನವನಿಗೆ ಗುಳ್ಳೆ ಕಾಣುವುದಿಲ್ಲ. ಕೆಳಗಿನವನು ಹೇಳಿದ್ದನ್ನೇ ನಂಬಬೇಕು.

ಗುಳ್ಳೆ ಬರುತ್ತಲೇ ಇದ್ದವು. ನಾನು ನಿಪ್ಪಲ್ ಬಿಗಿದುಬಿಟ್ಟೆ.

"ಗಾಳಿ ಪೂರಾ ಹೋತು," ಎಂದೆ.

"ಪೆಡಲ್ ಇನ್ನೂ ಮೆತ್ತಗ ಐತಲ್ಲೋ ರವಿ?"

"ಹೊಸಾ ಪೈಪ್ ಲೇ, ಹಂಗ ಇರತೈತಿ."

ನಿನ್ನ ಕಾಲಿಗೆ ತಿಳಿದದ್ದನ್ನು ಬಿಟ್ಟು ನೀನು ನನ್ನ ಮಾತು ನಂಬಿದೆ.

ಕಂಪನಿಯವರ ಎದುರು ಇಳಿಜಾರಿನಲ್ಲಿ ನೀನು ಒತ್ತಿದ ಪೆಡಲ್ ಪೂರ್ತಿ ಕೆಳಗಿಳಿಯಿತು, ಬ್ರೇಕ್ ಹಿಡಿಯಲಿಲ್ಲ. ಖಾಲಿ ಟ್ರೇಲರ್ ನಿಲ್ಲದೆ ಹೋಗಿ ಮಣ್ಣಿನ ದಿಬ್ಬಕ್ಕೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ — ಆಗಿದ್ದರೆ? "ನನ್ನ ಡಿಸೈನ್ ತಪ್ಪೈತ್ರಿ ಸರ್," ಎಂದು ನೀನೇ ತಲೆ ತಗ್ಗಿಸಿದೆ. ಕೆಲಸ ನನಗೆ ಬಂತು. ಇಂದು ನಾನು ಪುಣೆಯಲ್ಲಿ ಬ್ರೇಕ್ ಪರೀಕ್ಷಿಸುವ ವಿಭಾಗದ ಮುಖ್ಯಸ್ಥ. ಎಂಥ ನಾಚಿಕೆಗೇಡು ನೋಡು!

ನೀನು ಕಣಗಲಾದ ಹೆದ್ದಾರಿ ಬದಿಗೆ ಗ್ಯಾರೇಜ್ ಹಾಕಿದೆ. ಆಮೇಲೆ ಹೊಸದೇನನ್ನೂ ಮಾಡಲಿಲ್ಲ. ಆದರೂ ದೂರದ ಹುಕ್ಕೇರಿಯಿಂದಲೂ ಜನ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಕೇಳಿದರೆ — ಈಗಲೂ — ನನ್ನ ಹೊಟ್ಟೆ ಉರಿಯುತ್ತದೆ.

ಕಳೆದ ವಾರ ಅಲ್ಲಿಗೆ ಬಂದಿದ್ದೆನಲ್ಲ, ನಿನ್ನ ಅಣ್ಣನ ಮಗಳು ಶಿವಲೀಲಾ ತಾನೂ ಆಟೊಮೊಬೈಲ್ ಇಂಜಿನಿಯರಿಂಗೇ ಓದುತ್ತೇನೆಂದು ಹಠ ಹಿಡಿದಿದ್ದಳು.

"ಬ್ಯಾಡವಾ," ಎಂದೆ ನೀನು. "ಹೊಸಾದು ಮಾಡೋದು ನಮ್ಮ ಮನಿಯವರ ಕೈಲೆ ಆಗಂಗಿಲ್ಲ. ಬೇಕಾದ್ರ ರವಿಕಾಕಾನ್ನ ಕೇಳು."

ಅವಳು ನನ್ನತ್ತ ತಿರುಗಿದಳು. ನಾನು — ಚಹಾದ ಕಪ್ಪು ಎತ್ತಿಕೊಂಡೆ.

ನಾಡಿದ್ದು ಅವಳು ಕಾಲೇಜಿನ ಸೀಟು ಆರಿಸಲು ಕೊನೆಯ ದಿನ. ನಾಳೆ ಬರುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ. ಅವಳನ್ನೂ ಅಲ್ಲಿಯೇ ಕೂರಿಸಿಕೊ. ಅವಳ ಎದುರಿಗೇ ಹೇಳುತ್ತೇನೆ: "ಗಾಳಿ ಇತ್ತೋ ಮಲ್ಲೂ. ನಾ ನೋಡಿದ್ದೆ."