ಕುಟುಂಬದ ಮನೆಯ ವಿಳಾಸ

ಮಣಿಪಾಲದಲ್ಲಿ ನನ್ನ ಕೆಲಸ ವಿಳಾಸಗಳದ್ದು. ಜನ ಬರೆದುಕೊಟ್ಟ ವಿಳಾಸವನ್ನು ಕಂಪ್ಯೂಟರು ನಕ್ಷೆಯ ಮೇಲೆ ಒಂದು ಚುಕ್ಕಿಯಾಗಿ ಮಾಡಿಕೊಡುತ್ತದೆ. ಇದಕ್ಕೆ ಜಿಯೋಕೋಡಿಂಗ್ ಎನ್ನುತ್ತಾರೆ. ಚುಕ್ಕಿ ಎಲ್ಲೋ ಗದ್ದೆಯಲ್ಲಿ ಬಿದ್ದಾಗ ಯಾಕೆ ಬಿತ್ತು ಎಂದು ಹುಡುಕುವುದು ನನ್ನ ಪಾಲಿಗೆ ಬರುತ್ತದೆ. ಕಾರಣ ಹೆಚ್ಚಾಗಿ ಸರಳ. ಮನೆಯ ಹೆಸರು ಸಿಗದಿದ್ದರೆ ಅದು ಊರಿನ ನಡುಭಾಗವನ್ನು ತೋರಿಸುತ್ತದೆ, ಊರೂ ಸಿಗದಿದ್ದರೆ ಪಿನ್‌ಕೋಡಿನ ನಡುಭಾಗವನ್ನು. ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗುವುದು ಕಡಿಮೆ. ಊಹೆಯಿಂದ ಕೊಟ್ಟ ಉತ್ತರದ ಜೊತೆ ಒಂದು ಸಣ್ಣ ಗುರುತು ಇರುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ನಾನು ಗಮನಿಸುತ್ತೇನೆ, ಮತ್ತು ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. ಬೆಳ್ಮಣ್‌ನಲ್ಲಿ ಮಾವನ, ಅಂದರೆ ನನ್ನ ತಾಯಿಯ ಅಣ್ಣನ, ಆಕ್ಸಿಜನ್ ಮೆಷಿನ್ ಕೆಟ್ಟು ನಿಂತಿತ್ತು. ಅದಿಲ್ಲದೆ ಅವರಿಗೆ ಬಚ್ಚಲಿನವರೆಗೆ ನಡೆಯುವುದೂ ಆಗುತ್ತಿರಲಿಲ್ಲ.

"ಒಂದು ಸಿಲಿಂಡರ್ ಉಂಟು. ಎರಡು ಗಂಟೆ ಬರಬಹುದು ಅಂತ ನರ್ಸ್ ಹೇಳಿದರು. ನೀನು ಅಲ್ಲಿಂದ ಬೇರೆ ಮೆಷಿನ್ ತರ್ತೀಯಾ?"

ಬಾಡಿಗೆಗೆ ಕೊಡುವ ಅಂಗಡಿಯಿಂದ ಮೆಷಿನ್ ತೆಗೆದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹೊರಡುವಾಗಲೇ ಮುಕ್ಕಾಲು ಗಂಟೆ ಕಳೆದಿತ್ತು. ಕಟಪಾಡಿಯಲ್ಲಿ ಒಳಕ್ಕೆ ತಿರುಗಿ, ಶಿರ್ವ ದಾಟಿ, ಕಾಪು ತಾಲೂಕು ಮುಗಿದು ಬೆಳ್ಮಣ್ ತಲುಪುವವರೆಗೆ ಏನೂ ಸಂಶಯವಿರಲಿಲ್ಲ. ಮುಂದಿನ ದಾರಿಯದ್ದೇ ಪ್ರಶ್ನೆ. ಮಾವನ ಮನೆಗೆ ನಾನು ಹೋದದ್ದು ಎರಡೇ ಸಲ, ಎರಡೂ ಸಲ ಬೇರೆಯವರ ಕಾರಿನಲ್ಲಿ. ನೆನಪಿನ ಪ್ರಕಾರ ಪೇಟೆ ದಾಟಿದ ಮೇಲೆ ಒಂದು ಸೈಕಲ್ ಅಂಗಡಿ, ಅಲ್ಲಿ ಎಡಕ್ಕೆ. ಆದರೆ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದಂದಿನಿಂದ ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ನಾನು ಖಂಡಿತ ಕಂಡಿದ್ದೇನೆ ಎಂದುಕೊಂಡದ್ದನ್ನು ಅಮ್ಮ ಎಷ್ಟೋ ಸಲ ಸುಳ್ಳು ಮಾಡಿದ್ದಾರೆ.

ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಫೋಟೋ ಫೋನಿನಲ್ಲಿತ್ತು. ಅದರಲ್ಲಿದ್ದ ವಿಳಾಸವನ್ನು ಟೈಪು ಮಾಡಿದೆ. ಮನೆಯ ಹೆಸರಿನ ಸಮೇತ ಸಿಕ್ಕಿತು. ಊಹೆಯ ಗುರುತು ಇರಲಿಲ್ಲ. ಅದು ಪೇಟೆಗೆ ಮೊದಲೇ ಬಲಕ್ಕೆ ಎಂದಿತು. ಅತ್ತೆಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ.

ಡಾಂಬರು ಮುಗಿದು ಮಣ್ಣಿನ ದಾರಿ ಬಂತು. ಎರಡೂ ಕಡೆ ಆಳೆತ್ತರದ ಮುರಕಲ್ಲಿನ ಗೋಡೆ. ಕಾರಿನ ಕನ್ನಡಿಗಳನ್ನು ಮಡಚಿ ಮುಂದೆ ಹೋದೆ. ಕೊನೆಗೆ ಒಂದು ಕಬ್ಬಿಣದ ಗೇಟು, ಅದಕ್ಕೆ ಬೀಗ. ಗೇಟಿನ ಆಚೆ ಹೆಂಚಿನ ಮಾಡು ಕಂಡಾಗಲೇ ಗುರುತು ಹತ್ತಿದ್ದು. ಅದು ನಮ್ಮ ಕುಟುಂಬದ ಮನೆ. ವರ್ಷಕ್ಕೊಮ್ಮೆ ದೈವದ ಕೋಲದ ದಿನ ಮಾತ್ರ ಅದರ ಬಾಗಿಲು ತೆರೆಯುತ್ತಾರೆ. ನಾನು ಅಲ್ಲಿಗೆ ಬಂದದ್ದು ಚಿಕ್ಕವನಿದ್ದಾಗ, ಗದ್ದೆಯ ಕಡೆಯಿಂದ ನಡೆದು.

ತಾಯಿಯ ಕಡೆಯಿಂದ ವಂಶ ಹಿಡಿಯುವ ಮನೆತನ ನಮ್ಮದು. ಯಾರು ಎಲ್ಲಿ ಮನೆ ಕಟ್ಟಿ ಕೂತರೂ ವಿಳಾಸ ಕೇಳಿದರೆ ಕುಟುಂಬದ ಮನೆಯ ಹೆಸರನ್ನೇ ಹೇಳುತ್ತಾರೆ. ಪೋಸ್ಟ್‌ಮ್ಯಾನ್‌ಗೆ ಇದು ಗೊತ್ತು, ಕಾಗದ ಸರಿಯಾದ ಕಡೆಗೇ ಹೋಗುತ್ತದೆ. ಮಾವ ಆಸ್ಪತ್ರೆಯಲ್ಲೂ ಅದನ್ನೇ ಬರೆಸಿದ್ದರು. ಕೋಲಕ್ಕೆ ಬರುವ ಬಂಧುಗಳಿಗೆ ಸುಲಭವಾಗಲೆಂದು ನಮ್ಮವರೇ ಯಾರೋ ಆ ಹೆಸರನ್ನು ನಕ್ಷೆಗೆ ಸೇರಿಸಿದ್ದರು. ಹಾಗಾಗಿ ಉತ್ತರ ಅಷ್ಟು ಖಚಿತವಾಗಿ ಬಂದಿತ್ತು. ನಾನೂ ಅವಸರದಲ್ಲಿ ಊಹೆಯ ಗುರುತು ನೋಡಿದೆನೇ ಹೊರತು ಹೆಸರಿನ ಬಗ್ಗೆ ಯೋಚಿಸಲಿಲ್ಲ.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಬಾಗಿಲು ತೆರೆದರೆ ಗೋಡೆಗೆ ತಾಗುತ್ತಿತ್ತು, ತಲೆ ತೂರುವಷ್ಟು ಮಾತ್ರ ಜಾಗ. ರಿವರ್ಸ್ ಹಾಕಿ ಹತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನಿಂದ ಹಾರ್ನ್. ಆಸುಪಾಸಿನ ಮನೆಗಳಿಗೆ ಮೀನು ಕೊಡಲು ಬಂದ ಸಣ್ಣ ಟೆಂಪೊ ಒಂದು ದಾರಿ ತುಂಬಿ ನಿಂತಿತ್ತು. ಹಿಂದೆ ನೋಡಿದರೆ ಸೀಟಿನಲ್ಲಿ ಮೆಷಿನ್, ಮುಂದೆ ನೋಡಿದರೆ ಬೀಗ. ಎರಡು ಗಂಟೆಯಲ್ಲಿ ಉಳಿದದ್ದು ಅರ್ಧ ಗಂಟೆಯೂ ಇರಲಿಕ್ಕಿಲ್ಲ.

ಟೆಂಪೊದವರು ಕಾಪು ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹಿರಿಯರು. ಇಳಿದು ನನ್ನ ಕಾರಿನ ಹಿಂದೆ ಬಂದು ಕೂಗಿದರು.

"ಎಂತ ಮಾರಾಯ್ರೆ, ಇದರೊಳಗೆ ಕಾರು ತಂದದ್ದು? ಮ್ಯಾಪಾ?"

"ಹೌದು. ಆಕ್ಸಿಜನ್ ಮೆಷಿನ್ ಉಂಟು, ಮಾವನಿಗೆ ಅರ್ಜೆಂಟ್."

"ಯಾರು, ಮೂಗಿಗೆ ಪೈಪ್ ಹಾಕಿದ ಮಾಸ್ಟ್ರಾ? ಮುಳ್ಳಿನ ಮೀನು ತಂದರೆ ಬೈಯುವವರು?"

"ಅವರೇ."

"ಅವರ ಮನೆ ಇಲ್ಲಿ ಎಲ್ಲಿ? ಪೇಟೆಯ ಆಚೆ ಅಲ್ವಾ! ತೆಗೀರಿ ಅದನ್ನು, ನನ್ನದರಲ್ಲಿ ಇಡಿ."

"ಕಾರು?"

"ಇಲ್ಲೇ ಇರಲಿ. ನೀವು ರಿವರ್ಸ್ ತರುವಾಗ ಗೋಡೆಗೆ ಸಿಕ್ಕಿಕೊಂಡರೆ ನಾವಿಬ್ಬರೂ ಆ ಪೈಪ್ ಹಾಕಿಕೊಂಡು ಇಲ್ಲೇ ಕೂರಬೇಕಾದೀತು."

ನಾನು ಸೀಟುಗಳ ಮೇಲಿಂದ ಹಿಂದಕ್ಕೆ ತೆವಳಿ ಇಳಿದೆ. ಡಿಕ್ಕಿಯ ಬಾಗಿಲಿನಿಂದ ಮೆಷಿನನ್ನು ಎಳೆದು, ಬಂಗುಡೆಯ ಪೆಟ್ಟಿಗೆಗಳ ಮೇಲೆ ಗೋಣಿ ಹಾಸಿ ಇಟ್ಟೆವು. ಅವರು ಅಷ್ಟುದ್ದಕ್ಕೂ ಟೆಂಪೊವನ್ನು ಹಿಂದಕ್ಕೆ ಒಂದೇ ಕೈಯಲ್ಲಿ ಓಡಿಸಿದರು. ಪೇಟೆ ದಾಟಿದ ಮೇಲೆ ಟೆಂಪೊ ಎಡಕ್ಕೆ ತಿರುಗಿತು. ನನ್ನ ನೆನಪಿನ ಎಡ.

"ಇಲ್ಲಿ ಒಂದು ಸೈಕಲ್ ಅಂಗಡಿ ಇತ್ತಲ್ವಾ?" ಎಂದು ಕೇಳಿದೆ.

"ಇಪ್ಪತ್ತು ವರ್ಷದಿಂದ ಬರ್ತಿದ್ದೇನೆ, ಇಲ್ಲಿ ಎಂತದೂ ಇರಲಿಲ್ಲ. ಹಿರಿಯಡ್ಕದಲ್ಲಿ ಉಂಟು, ಬೇಕಾ?"

ನಾವು ಒಳಗೆ ಹೋದಾಗ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಮೇಲಿತ್ತು. ಮಾವ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಊರಿ ಕೂತಿದ್ದರು. ತುಟಿಗೆ ಬಣ್ಣ ಇರಲಿಲ್ಲ. ಅತ್ತೆ ಪ್ಲಗ್ ತೋರಿಸಿದರು. ಮೆಷಿನ್ ಗುಂಯ್‌ಗುಟ್ಟಿ ಸುಮಾರು ಹೊತ್ತಾದ ಮೇಲೆ ಮಾವ ತಲೆ ಎತ್ತಿ ಮೂಗು ಅರಳಿಸಿ, "ಇದಕ್ಕೆ ಮೀನಿನ ವಾಸನೆ ಯಾಕೆ?" ಎಂದರು.

ಸಂಜೆಯ ಮೊದಲು ಬಾಡಿಗೆ ಅಂಗಡಿಯವರ ಫೋನ್ ಬಂತು. ತಿಂಗಳಿಗೊಮ್ಮೆ ಮೆಷಿನ್ ನೋಡಲು ಜನ ಕಳುಹಿಸಬೇಕು, ವಿಳಾಸ ಹೇಳಿ ಎಂದರು. ಈ ಮನೆಯ ಗುರುತುಗಳನ್ನು ಹೇಳಲು ಬಾಯಿ ತೆರೆದೆ. ಮಾವ ಕೈ ಎತ್ತಿ ತಡೆದು, ಉಸಿರು ತೆಗೆಯುತ್ತಾ ಕುಟುಂಬದ ಮನೆಯ ಹೆಸರು ಹೇಳಿದರು.

"ಮಾವ, ಅಲ್ಲಿಗೇ ಹೋಗಿ ಸಿಕ್ಕಿಬಿದ್ದದ್ದು ನಾನು."

"ನೀನು ಹೋದದ್ದು ನಿನ್ನ ತಪ್ಪು. ಇಲ್ಲಿ ನಾನು ಮನೆ ಕಟ್ಟಿದ್ದು ಮಾತ್ರ. ವಿಳಾಸ ಅದೇ."

ಅಷ್ಟು ಹೇಳುವುದಕ್ಕೆ ಅವರು ಮೂರು ಸಲ ನಿಂತರು. ವಾದಿಸಿದರೆ ಇನ್ನೂ ಮಾತಾಡುತ್ತಾರೆ, ಮಾತಾಡಿದರೆ ಉಸಿರು ಹೋಗುತ್ತದೆ. ಅವರು ಹೇಳಿದ್ದನ್ನೇ ನಾನು ಫೋನಿಗೆ ಹೇಳಿದೆ. ಬರೆದುಕೊಂಡದ್ದು ಕೇಳಿಸಿತು.

"ಆದರೆ ಬರುವ ಮೊದಲು ನನಗೆ ಫೋನ್ ಮಾಡಬೇಕು" ಎಂದೆ. "ನಾನು ಬೆಳ್ಮಣ್ ಪೇಟೆಯಲ್ಲಿ ನಿಂತಿರುತ್ತೇನೆ."

"ಪ್ರತಿ ತಿಂಗಳೂನಾ ಸಾರ್?"

ಮಾವ ಕಣ್ಣು ಮುಚ್ಚಿದ್ದರು.

"ಪ್ರತಿ ತಿಂಗಳೂ" ಎಂದೆ.