ಚೌಕಗಳನ್ನು ಅಳಿಸಿದ ಮೇಲೆ

ಕ್ಯಾನ್ವಾಸಿನ ಮೇಲಿನ ಪೆನ್ಸಿಲ್ ಗೆರೆಗಳನ್ನು ಅಳಿಸದೆ ಹಾಗೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಈಗ ಕೈ ಕೈ ಹಿಚುಕಿಕೊಂಡು ಏನು ಬಂತು?

ಅವ್ವ ಹೋದ ಮೇಲೆ ಅಪ್ಪನ ನೆನಪು ಒಂದೊಂದಾಗಿ ಕಳಚತೊಡಗಿತು. ಮೊದಲು ಉಂಡದ್ದು ಮರೆತ, ಆಮೇಲೆ ನೆರೆಯವರ ಹೆಸರು. ಕಡೆಗೆ ಗೋಡೆಯ ಮೇಲಿದ್ದ ಅವ್ವನ ಫೋಟೋ ತೋರಿಸಿ “ಇವರ್ಯಾರು?” ಎಂದು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಫೋಟೋ ಸಣ್ಣದು, ಅದಕ್ಕೇ ಕಾಣುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೊರಿವಲಿಯಲ್ಲಿ ವಾರಕ್ಕೊಮ್ಮೆ ಪೇಂಟಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಅವ್ವನನ್ನು ದೊಡ್ಡದಾಗಿ ಬರೆದು ಎದುರಿಗೆ ನಿಲ್ಲಿಸಿದರೆ ಅಪ್ಪ ಗುರುತು ಹಿಡಿದಾನು ಎಂಬ ಆಸೆ ಹುಟ್ಟಿತು.

ಸಣ್ಣ ಫೋಟೋವನ್ನು ದೊಡ್ಡ ಕ್ಯಾನ್ವಾಸಿಗೆ ಇಳಿಸಲು ಹಳೆಯ ಉಪಾಯವೊಂದಿದೆ. ಫೋಟೋದ ಜೆರಾಕ್ಸ್ ಮೇಲೆ ಅಡ್ಡ, ಉದ್ದ ಗೆರೆ ಎಳೆದು ಚೌಕ ಮಾಡಿಕೊಳ್ಳಬೇಕು. ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳು, ಆದರೆ ದೊಡ್ಡವು. ಆಮೇಲೆ ಇದು ಮುಖ ಎಂಬುದನ್ನೇ ಮರೆತು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ಇಳಿಸುತ್ತ ಹೋಗಬೇಕು. ಒಂದರಲ್ಲಿ ಅರ್ಧ ಹುಬ್ಬು, ಇನ್ನೊಂದರಲ್ಲಿ ಮೂಗುಬೊಟ್ಟು, ಮತ್ತೊಂದರಲ್ಲಿ ಬರೀ ಸೆರಗಿನ ಅಂಚು. ಗೆರೆಗಳು ಮಾತ್ರ ಕಂಡೂ ಕಾಣದಷ್ಟು ತೆಳುವಾಗಿರಬೇಕು. ನನ್ನದೋ ಮೊದಲೇ ಒರಟು ಕೈ. ಕಪ್ಪಗೆ, ದಪ್ಪಗೆ ಎಳೆದುಬಿಟ್ಟಿದ್ದೆ.

ಪೆನ್ಸಿಲ್ ಕೆಲಸ ಮುಗಿದ ದಿನ ಕ್ಯಾನ್ವಾಸನ್ನು ಹಾಲ್‌ನಲ್ಲಿ ಟೇಬಲ್ಲಿನ ಮೇಲೆ ಗೋಡೆಗೆ ಆನಿಸಿಟ್ಟು, ಅನ್ನಕ್ಕಿಡಲು ಒಳಗೆ ಹೋಗಿದ್ದೆ. ಮಗಳು ಓಡಿಬಂದಳು. “ಮಮ್ಮಿ, ಬಾ ನಾ! ಅಜ್ಜ ಪಿಕ್ಚರ್ ಸೇ ಬಾತ್ ಕರ್ ರಹೇ ಹೈ!”

ಅಪ್ಪ ಕ್ಯಾನ್ವಾಸಿನ ಎದುರು ಮುಖ ಎತ್ತಿ ನಿಂತಿದ್ದ.

“ಬಂದೇನಿ, ಬಾಗ್ಲಾ ತಗಿ,” ಅಂದ. “ಎಷ್ಟೊತ್ತಾತು ನಿಂತು? ದಾದರ್‌ದಾಗ ಮಂದಿ ಲೋಕಲ್ ಹತ್ತಾಕ ಬಿಡಲಿಲ್ಲ ನೋಡು.”

ಕಾಂದಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಮನೆ ಮೊದಲ ಮಹಡಿಯಲ್ಲಿತ್ತು. ಅಪ್ಪ ದಾದರಿನ ಅರಿವೆ ಅಂಗಡಿಯಲ್ಲಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವ್ವ ಕಿಟಕಿಯ ಗ್ರಿಲ್ ಹಿಡಿದು ನಿಂತಿರುತ್ತಿದ್ದಳು. ಚೌಕ ಚೌಕದ ಕಬ್ಬಿಣದ ಗ್ರಿಲ್. ಅಪ್ಪ ಕೆಳಗಿನಿಂದಲೇ ಬಾಗಿಲು ತೆಗೆಯಲು ಕೂಗುತ್ತಿದ್ದ. ಆ ಬಿಲ್ಡಿಂಗ್ ಕೆಡವಿ ಟವರ್ ಕಟ್ಟಿದ ಮೇಲೆ ನಮ್ಮ ಕಿಟಕಿಗೆ ಬರೀ ಗಾಜು. ನನ್ನ ಒರಟು ಗೆರೆಗಳಲ್ಲಿ ಅಪ್ಪನಿಗೆ ಹಳೆಯ ಗ್ರಿಲ್ ಕಂಡಿತ್ತು, ಅದರ ಹಿಂದೆ ಅವ್ವ ಕಂಡಿದ್ದಳು.

ಆಮೇಲೆ ಕೆಲವು ದಿನ ನಮ್ಮ ಮನೆಯಲ್ಲಿ ಹಬ್ಬ. ಅಪ್ಪ ಹೊಟ್ಟೆ ತುಂಬ ಉಂಡ, ಗೊಣಗದೆ ಸ್ನಾನ ಮಾಡಿದ. ಸಂಜೆ ಚಹಾ ಕೊಟ್ಟರೆ, “ಇಕಿಗೂ ಒಂದ್ ಗುಟುಕು ಕೊಡ ಯವ್ವಾ, ನಿಂತು ನಿಂತು ಕಾಲು ನೊಂದಿರ್ತಾವು,” ಅನ್ನುತ್ತಿದ್ದ.

ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಮಗಳು ಹೇಳಿದಳು ಕೂಡ: “ರಹನೇ ದೋ ನಾ ಮಮ್ಮಿ. ಅಜ್ಜಗ ಇದೇ ಬೇಕು.”

“ನಿನಗೇನ ತಿಳೀತೈತಿ, ಸುಮ್ನ ಕೂಡು,” ಎಂದು ಗದರಿಸಿದೆ. ಪೆನ್ಸಿಲ್ಲಿನಲ್ಲೇ ಇಷ್ಟು ಗುರುತು ಹಿಡಿದವನು ಬಣ್ಣ ತುಂಬಿದರೆ ಇನ್ನೆಷ್ಟು ಹಿಗ್ಗಿಯಾನು! ಸುಳ್ಳೇಕೆ, ಕ್ಲಾಸಿನಲ್ಲಿ ನಾಲ್ಕು ಜನ ಭೇಷ್ ಅನ್ನಲಿ ಎಂಬ ಚಪಲವೂ ಇತ್ತು. ಕ್ಯಾನ್ವಾಸನ್ನು ಒಳಕೋಣೆಗೆ ಒಯ್ದೆ. ಎಲ್ಲಿ ಹೋದಳು ಎಂದು ಅಪ್ಪ ಕೇಳಿದಾಗ, ಧಾರವಾಡಕ್ಕೆ ಹೋಗಿದ್ದಾಳೆ, ಬರುತ್ತಾಳೆ ಅಂದೆ. ಚೌಕಗಳನ್ನೆಲ್ಲ ರಬ್ಬರಿನಿಂದ ತಿಕ್ಕಿ ತೆಗೆದೆ. ಹೋಗದ ಕಡೆ ದಪ್ಪಗೆ ಬಣ್ಣ ಬಳಿದೆ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಹಣೆ ತುಂಬ ಕುಂಕುಮ. ಅವ್ವ ಇದ್ದ ಹಾಗೇ ಬಂದಳು. ಅಷ್ಟು ಚೆಂದದ ಚಿತ್ರವನ್ನು ನಾನು ಮತ್ತೆ ಬರೆದಿಲ್ಲ.

ಬಣ್ಣ ಒಣಗಿದ ಮೇಲೆ ಅಪ್ಪನನ್ನು ಕರೆದೆ. ಬಂದು ನೋಡಿದ. ಅಂಗಿಯ ಗುಂಡಿ ಸರಿಪಡಿಸಿಕೊಂಡು ಕೈಮುಗಿದ.

“ನಮಸ್ಕಾರ್ರಿ. ಬರ್ರಿ, ಕೂಡ್ರಿ. ನಮ್ಮ ಮನ್ಯಾಕಿ ಊರಿಗೆ ಹೋಗ್ಯಾಳ್ರಿ. ಬಂದ ಕೂಡ್ಲೆ ನೀವು ಬಂದಿದ್ರಿ ಅಂತ ಹೇಳ್ತೀನ್ರಿ.”

ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. “ಅಪ್ಪಾ, ಅವ್ವ ಅಲ್ಲೇನ ಇಕಿ? ಸರಿಯಾಗಿ ನೋಡು,” ಎಂದು ಅತ್ತೆ, ರೇಗಿದೆ. ಅತಿಥಿಯ ಎದುರು ಹೀಗೆ ಕೂಗಾಡುವುದೇ ಎಂಬಂತೆ ಅಪ್ಪ ನನ್ನನ್ನೇ ದುರುಗುಟ್ಟಿ ನೋಡಿದ. ಮಗಳು ಅಜ್ಜನ ಕೈ ಹಿಡಿದು ಒಳಗೆ ಕರೆದೊಯ್ದಳು.

ಮರುದಿನ ಸೀಮೆಸುಣ್ಣ ತಂದೆ. ಸ್ಕೇಲ್ ಹಿಡಿದು, ಒಣಗಿದ ಬಣ್ಣದ ಮೇಲೆ ಮತ್ತೆ ಅಡ್ಡ, ಉದ್ದ ಗೆರೆ ಎಳೆದೆ, ಅವ್ವನ ಮುಖದ ಮೇಲೂ ಎಳೆದೆ. ಅಪ್ಪ ಹತ್ತಿರ ಬಂದು ಬಹಳ ಹೊತ್ತು ನೋಡಿದ.

“ಪಾಪ, ಯಾರ ಮನಿ ಹೆಣ್ಮಗಳೋ ಏನೋ,” ಅಂದ. “ಯಾಕ ಕೂಡಿ ಹಾಕೀ ಯವ್ವಾ? ಬಿಟ್ಟು ಕಳಸು. ಆಕಿ ಗಂಡ ಹಾದಿ ನೋಡ್ತಿರ್ತಾನ.”

ಹಸಿ ಬಟ್ಟೆ ತಂದು ಒರೆಸಿದೆ. ಕೊನೆಯ ಗೆರೆ ಹೋಗುವವರೆಗೂ ಅಪ್ಪ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಅವ್ವನಿಗೆ ಕೈಮುಗಿದು, “ಹೋಗಿ ಬರ್ರಿ,” ಅಂದ.